ರೈಲು ತಪ್ಪಿದರೂ ಬೇಜಾರಾಗದ ಸ್ಟೇಷನ್‌ಗಳು

ಸ್ಟೇಷನ್ ಅಂದ್ರೆ ಏನು ಅಂತ ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನ ಕೇಳಿದ್ರೂ ಒಂದೇ ಉತ್ತರ ಬರುತ್ತೆ: ರೈಲು ಹತ್ತೋ ಜಾಗ. ಆದಷ್ಟು ತಡವಾಗಿ ಹೋಗಬೇಕು, ಆದಷ್ಟು ಬೇಗ ಅಲ್ಲಿಂದ ಹೊರಡಬೇಕು. ಹಬ್ಬದ ರಜೆಗೆ ಊರಿಗೆ ಹೊರಟ ದಿನ ರೈಲು ಎರಡು ಗಂಟೆ ಲೇಟ್ ಅಂದ್ರೆ, ಬ್ಯಾಗಿನ ಮೇಲೆ ಕೂತು ಫೋನಿನ ಚಾರ್ಜ್ ಮುಗಿಸೋದು ಬಿಟ್ರೆ ನಮಗೆ ಬೇರೆ ಕೆಲಸ ಇರಲ್ಲ. ಕಾಯೋದು ಅಂದ್ರೆ ಶಿಕ್ಷೆ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೀವಿ.

ಬ್ರಿಟನ್ನಿನಲ್ಲಿ ಒಂದಷ್ಟು ಜನ ಇದನ್ನ ಒಪ್ಪಿಲ್ಲ. ಸ್ಟೇಷನ್ನಿನೊಳಗಿರೋ ಪಬ್ಬಿಗೆ ಹೋಗೋದಕ್ಕಂತಲೇ ರೈಲು ಹತ್ತೋರು ಅಲ್ಲಿದ್ದಾರೆ. ಇಳಿದು, 'ರಿಯಲ್ ಏಲ್' ಅನ್ನೋ ಬಿಯರನ್ನ ಒಂದು ಪೈಂಟ್ ಕುಡಿದು, ಬಂದ ರೈಲನ್ನ ಬೇಕಂತಲೇ ಬಿಟ್ಟು, ಮುಂದಿನದಕ್ಕೆ ಹೊರಡ್ತಾರೆ. ಇದು ಕುಡಿಯೋರ ಚಟ ಅಷ್ಟೇ ಅಂತ ತಳ್ಳಿಹಾಕೋದು ಸುಲಭ. ಆದರೆ ಹಳೇ ಸ್ಟೇಷನ್ ಕಟ್ಟಡಗಳನ್ನ ಉಳಿಸೋದು ಹೇಗೆ, ಕಾಯೋ ಪ್ರಯಾಣಿಕರಿಗೆ ಮರ್ಯಾದೆ ಕೊಡೋದು ಹೇಗೆ ಅನ್ನೋದಕ್ಕೆ ಈ ಪಬ್‌ಗಳಷ್ಟು ಒಳ್ಳೆ ಉದಾಹರಣೆ ಸಿಗೋದು ಕಷ್ಟ ಅಂತ ನಮ್ಮ ಅಭಿಪ್ರಾಯ. ಕುಡಿಯಿರಿ ಅಂತ ಹೇಳೋ ಲೇಖನ ಇದಲ್ಲ. ನಮ್ಮ ಬ್ಯಾಚಿನವರಿಗೆ ಈಗಿನ್ನೂ ಹತ್ತೊಂಬತ್ತು, ನಮಗೆ ಫಿಲ್ಟರ್ ಕಾಫಿನೇ ಸಾಕು.

ಮೊದಲು ಈ ರಿಯಲ್ ಏಲ್ ಏನು ಅಂತ ನೋಡೋಣ. ಸಾಮಾನ್ಯ ಕೆಗ್ ಬಿಯರನ್ನ ಬ್ರೂವರಿಯಲ್ಲೇ ಫಿಲ್ಟರ್ ಮಾಡಿ, ಹೆಚ್ಚಾಗಿ ಪಾಶ್ಚರೈಸ್ ಕೂಡ ಮಾಡಿ ಕಳಿಸ್ತಾರೆ. ಪಬ್ಬಿನಲ್ಲಿ ಅದು ಗ್ಯಾಸಿನ ಒತ್ತಡದಿಂದ ಹೊರಗೆ ಬರುತ್ತೆ. ರಿಯಲ್ ಏಲ್‌ನಲ್ಲಿ ಯೀಸ್ಟ್ ಜೀವಂತವಾಗಿರುತ್ತೆ. ಅದು ಕಾಸ್ಕ್ ಅನ್ನೋ ಪೀಪಾಯಿಯೊಳಗೇ ಇನ್ನೊಂದು ಸಲ ಹುದುಗುತ್ತೆ. ಪಬ್ಬಿನ ನೆಲಮಾಳಿಗೆಗೆ ಬಂದ ಮೇಲೆ ಪೀಪಾಯಿಯನ್ನ ಅಲ್ಲಾಡಿಸದೆ ಮಲಗಿಸಿ, ಯೀಸ್ಟ್ ತಳಕ್ಕೆ ಇಳಿಯೋ ತನಕ ಬಿಡಬೇಕು. ಅಲ್ಲಿನ ಟೆಂಪರೇಚರ್ 11ರಿಂದ 13 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೇಲಿನ ತೂತಿಗೆ ಮರದ ಸಣ್ಣ ಬೆಣೆ ಹಾಕ್ತಾರೆ. ಮೆತ್ತನೆ ಮರದ್ದಾದ್ರೆ ಹೆಚ್ಚಿನ ಗ್ಯಾಸ್ ಹೊರಗೆ ಹೋಗುತ್ತೆ, ಗಟ್ಟಿ ಮರದ್ದಾದ್ರೆ ಒಳಗೇ ಉಳಿಯುತ್ತೆ. ಸೆನ್ಸರ್ ಇಲ್ಲ, ಪಿಎಲ್‌ಸಿ ಇಲ್ಲ, ಪ್ರೆಶರ್ ಕಂಟ್ರೋಲ್ ಎಲ್ಲ ಒಂದು ಮರದ ಚೂರಿನ ಮೇಲೆ! ಕೌಂಟರ್ ಮೇಲಿನ ಉದ್ದನೆ ಹಿಡಿಯನ್ನ ಎಳೆದರೆ ಪಿಸ್ಟನ್ ಪಂಪ್ ಬಿಯರನ್ನ ಮೇಲಕ್ಕೆತ್ತುತ್ತೆ.

ತೊಂದರೆ ಏನಂದ್ರೆ, ಎಳೆದಷ್ಟೂ ಪೀಪಾಯಿಯೊಳಗೆ ಗಾಳಿ ಸೇರುತ್ತೆ. ಒಮ್ಮೆ ತೆರೆದರೆ ಸುಮಾರು ಮೂರು ದಿನದೊಳಗೆ ಖಾಲಿಯಾಗಬೇಕು. 'ಫರ್ಕಿನ್' ಅನ್ನೋ ಮಾಮೂಲಿ ಪೀಪಾಯಿಯಲ್ಲಿ 72 ಪೈಂಟ್, ಅಂದ್ರೆ ಸುಮಾರು 41 ಲೀಟರ್ ಇರುತ್ತೆ. ಮನೆಯ ದೋಸೆ ಹಿಟ್ಟು ನೆನಪಿಸಿಕೊಳ್ಳಿ. ಅದೂ ಜೀವ ಇರೋ ಪದಾರ್ಥವೇ. ಸರಿಯಾದ ಹೊತ್ತಿಗೆ ಮುಗಿಸದಿದ್ರೆ ಹುಳಿ. ಹಾಗಾಗಿ ರಿಯಲ್ ಏಲ್ ಇಡೋ ಪಬ್ಬಿಗೆ ಜನ ಬರ್ತಾನೇ ಇರಬೇಕು, ಪೀಪಾಯಿ ನೋಡಿಕೊಳ್ಳೋಕೆ ಕೆಲಸ ಗೊತ್ತಿರೋರು ದಿನಾ ಇರಬೇಕು. ಜನ ಬರ್ತಾನೇ ಇರೋ ಜಾಗ ಅಂದ್ರೆ ಸ್ಟೇಷನ್ ತಾನೇ?

ಈ ಜೋಡಿ ಇವತ್ತಿನದಲ್ಲ. ಸಿವಿಲ್ ಮತ್ತು ಮೆಕ್ಯಾನಿಕಲ್ ಗೆಳೆಯರು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ ಬಗ್ಗೆ ಓದಲೇಬೇಕು. 1868ರಲ್ಲಿ ಶುರುವಾದ ಈ ಸ್ಟೇಷನ್ನಿನ ಎಂಜಿನಿಯರ್ ವಿಲಿಯಂ ಹೆನ್ರಿ ಬಾರ್ಲೋ. ಹಳಿಗಳು ರೀಜೆಂಟ್ಸ್ ಕಾಲುವೆಯ ಮೇಲೆ ದಾಟಿ ಬರಬೇಕಿದ್ದರಿಂದ ಪ್ಲಾಟ್‌ಫಾರ್ಮ್‌ಗಳು ರಸ್ತೆಗಿಂತ ಎತ್ತರದಲ್ಲಿ ಇರಬೇಕಾಯ್ತು. ಕೆಳಗಿನ ಜಾಗಕ್ಕೆ ಮಣ್ಣು ತುಂಬೋ ಯೋಚನೆ ಮೊದಲಿತ್ತು. ಆಮೇಲೆ ಅದನ್ನೇ ಗೋಡೌನ್ ಮಾಡಿದ್ರು. ಯಾವುದಕ್ಕೆ? ಬರ್ಟನ್ ಊರಿನಿಂದ ರೈಲಿನಲ್ಲಿ ಬರ್ತಿದ್ದ ಬಿಯರ್ ಪೀಪಾಯಿಗಳಿಗೆ. ಹೈಡ್ರಾಲಿಕ್ ಲಿಫ್ಟ್ ವ್ಯಾಗನ್‌ಗಳನ್ನ ಕೆಳಗಿಳಿಸ್ತಿತ್ತು. ಪೀಪಾಯಿಗಳನ್ನ ಜೋಡಿಸೋಕೆ ಅನುಕೂಲ ಆಗೋ ಹಾಗೆ ಬಾರ್ಲೋ ಕಬ್ಬಿಣದ ಕಂಬಗಳನ್ನ 14 ಅಡಿ 8 ಇಂಚಿಗೆ ಒಂದರಂತೆ ನಿಲ್ಲಿಸಿದ. ಪೀಪಾಯಿಯ ಅಳತೆಯೇ ಇಡೀ ಕೆಳಮಹಡಿಯ ಗ್ರಿಡ್! ಮೇಲೆ 240 ಅಡಿ ಅಗಲದ, ಮಧ್ಯೆ ಒಂದೂ ಕಂಬ ಇಲ್ಲದ ಛಾವಣಿ. ಆ ಕಮಾನಿನ ಎರಡು ಕಾಲು ಹೊರಗೆ ಜಾರದಂತೆ ಹಿಡಿಯೋದು ಪ್ಲಾಟ್‌ಫಾರ್ಮ್ ನೆಲದ ಗರ್ಡರ್‌ಗಳೇ. ಇವತ್ತು ಪ್ಯಾರಿಸ್‌ಗೆ ಯೂರೋಸ್ಟಾರ್ ಹತ್ತೋರು ಕಾಯೋದು ಅದೇ ಬಿಯರ್ ಗೋಡೌನಿನಲ್ಲಿ. ಇನ್ನೊಂದು ವಿಷಯ: ಆ ಬರ್ಟನ್ ಊರಿನ ಬ್ರೂವರಿಗಳು 19ನೇ ಶತಮಾನದಲ್ಲಿ ನಮ್ಮ ದೇಶದಲ್ಲಿದ್ದ ಬ್ರಿಟಿಷರಿಗೆ ಹಡಗಿನಲ್ಲಿ ಬಿಯರ್ ಕಳಿಸ್ತಿದ್ದವು. ಬೆಂಗಳೂರಿನ ಮೈಕ್ರೋಬ್ರೂವರಿಗಳ ಮೆನುವಿನಲ್ಲಿ ಕಾಣೋ 'ಐಪಿಎ' ಅಂದ್ರೆ ಇಂಡಿಯಾ ಪೇಲ್ ಏಲ್. ಆ ವ್ಯಾಪಾರದಿಂದ ಉಳಿದ ಹೆಸರು.

ಇಪ್ಪತ್ತನೇ ಶತಮಾನದಲ್ಲಿ ಎರಡಕ್ಕೂ ಕಷ್ಟ ಬಂತು. 1963ರ ಬೀಚಿಂಗ್ ವರದಿ ಎರಡು ಸಾವಿರಕ್ಕೂ ಹೆಚ್ಚು ಸ್ಟೇಷನ್ ಮುಚ್ಚಿ ಅಂದಿತು. ಉಳಿದ ಕಡೆಗಳಲ್ಲೂ ಫಸ್ಟ್ ಕ್ಲಾಸ್ ವೇಟಿಂಗ್ ರೂಮು, ರಿಫ್ರೆಶ್‌ಮೆಂಟ್ ರೂಮುಗಳಿಗೆ ಬೀಗ ಬಿತ್ತು. ಅದೇ ಹೊತ್ತಿಗೆ ದೊಡ್ಡ ಬ್ರೂವರಿಗಳು ಸಾಗಿಸೋಕೆ ಸುಲಭ, ಕೆಡೋದಿಲ್ಲ ಅಂತ ಕೆಗ್ ಬಿಯರ್ ಕಡೆ ವಾಲಿದವು. 1971ರಲ್ಲಿ ಐರ್ಲೆಂಡ್‌ಗೆ ಟ್ರಿಪ್ ಹೋಗಿದ್ದ ನಾಲ್ಕು ಜನ ಇಂಗ್ಲಿಷ್ ಹುಡುಗರು, ಹೀಗೇ ಬಿಟ್ರೆ ನಮ್ಮ ಏಲ್ ಉಳಿಯಲ್ಲ ಅಂತ ಒಂದು ಸಂಘ ಕಟ್ಟಿದ್ರು. ಅದೇ 'ಕ್ಯಾಮ್ರಾ', ರಿಯಲ್ ಏಲ್ ಪರವಾದ ಚಳವಳಿ. ಟ್ರಿಪ್ಪಿನಲ್ಲಿ ನಾವೂ ತುಂಬ ಪ್ಲಾನ್ ಹಾಕ್ತೀವಿ. ಊರಿಗೆ ವಾಪಸ್ ಬಂದ ಮೇಲೂ ಅದು ನಡೆದದ್ದು ಅಪರೂಪ.

ಬೀಗ ಬಿದ್ದ ಆ ಕೋಣೆಗಳಲ್ಲಿ ಕೆಲವು ಈಗ ತೆರೆದಿವೆ. ಶೆಫೀಲ್ಡ್ ಸ್ಟೇಷನ್ನಿನ 1904ರ ರಿಫ್ರೆಶ್‌ಮೆಂಟ್ ರೂಮು ದಶಕಗಳ ಕಾಲ ಪಾಳು ಬಿದ್ದಿತ್ತು. 2009ರಲ್ಲಿ ರಿಪೇರಿಯಾಗಿ 'ಶೆಫೀಲ್ಡ್ ಟ್ಯಾಪ್' ಆಯ್ತು. ಪಕ್ಕದ ಹಳೇ ಡೈನಿಂಗ್ ರೂಮಿನಲ್ಲಿ ಈಗ ಬ್ರೂವರಿಯೇ ಇದೆ. ಯಾರ್ಕ್ ಸ್ಟೇಷನ್ನಿನ 1907ರ ಟೀ ರೂಮು 2011ರಲ್ಲಿ 'ಯಾರ್ಕ್ ಟ್ಯಾಪ್' ಆಯ್ತು. ಲಂಡನ್ನಿನ ಯೂಸ್ಟನ್‌ನಲ್ಲಿ ಹಳೇ ಸ್ಟೇಷನ್ನಿನ ದೊಡ್ಡ ಕಮಾನನ್ನ 1960ರ ದಶಕದ ಶುರುವಿನಲ್ಲಿ ಕೆಡವಿದ್ರು, ಜನ ಎಷ್ಟು ಬೇಡ ಅಂದ್ರೂ ಕೇಳಲಿಲ್ಲ. ಉಳಿದದ್ದು ರಸ್ತೆ ಬದಿಯ ಎರಡು ಪುಟ್ಟ ಕಲ್ಲಿನ ಕಟ್ಟಡ. ಅವುಗಳ ಮೂಲೆಗಲ್ಲುಗಳಲ್ಲಿ ಆಗ ರೈಲು ಹೋಗ್ತಿದ್ದ ಊರುಗಳ ಹೆಸರು ಕೆತ್ತಿದೆ. 'ಯೂಸ್ಟನ್ ಟ್ಯಾಪ್' ಅನ್ನೋ ಪಬ್ ಶುರುವಾದದ್ದು ಅಲ್ಲೇ.

ಇದೇ ಕೋಣೆಗಳನ್ನ ಮ್ಯೂಸಿಯಂ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಮ್ಯೂಸಿಯಮ್ಮಿಗೆ ನಾವು ಸ್ಕೂಲ್ ಟ್ರಿಪ್ಪಿನಲ್ಲಿ ಒಂದು ಸಲ ಹೋಗ್ತೀವಿ. ಪಬ್ಬಿಗೆ ಬರೋರು ವಾರವಾರ ಬರ್ತಾರೆ. ಪ್ರತಿದಿನ ಬಾಗಿಲು ತೆಗೆದು, ನೆಲ ಒರೆಸಿ, ಸೋರೋ ಛಾವಣಿ ಕಂಡ ದಿನವೇ ಸರಿ ಮಾಡಿಸೋ ಒಬ್ಬ ಬಾಡಿಗೆದಾರ ಇದ್ರೆ ಕಟ್ಟಡ ತಾನಾಗೇ ಉಳಿಯುತ್ತೆ. ಬಳಕೆಯೇ ಮೇಂಟೆನೆನ್ಸ್.

ಇದರಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾವು ಹೇಳಲ್ಲ. ಮ್ಯಾಂಚೆಸ್ಟರ್ ಹತ್ತಿರದ ಸ್ಟೇಲಿಬ್ರಿಡ್ಜ್‌ನಲ್ಲಿ ಪ್ಲಾಟ್‌ಫಾರ್ಮ್ ಮೇಲೇ 1885ರ ಬಫೆ ಬಾರ್ ಇದೆ. ಚಳಿಗಾಲಕ್ಕೆ ಬೆಂಕಿಗೂಡು, ಅಮೃತಶಿಲೆಯ ಕೌಂಟರ್. ಅಲ್ಲಿಂದ ಸುಮಾರು 5 ಕಿ.ಮೀ. ಉದ್ದದ ಸ್ಟ್ಯಾಂಡೆಜ್ ಸುರಂಗ ದಾಟಿ ಮಾರ್ಸ್‌ಡೆನ್, ಹಡರ್ಸ್‌ಫೀಲ್ಡ್, ಡ್ಯೂಸ್‌ಬರಿವರೆಗೆ ಒಂದೊಂದು ಸ್ಟೇಷನ್ನಿನಲ್ಲೂ ಇಳಿದು ಹತ್ತೋ 'ಏಲ್ ಟ್ರೇಲ್' ಇದೆ. 2009ರಲ್ಲಿ ಬಿಬಿಸಿಯ ಒಂದು ಕಾರ್ಯಕ್ರಮದಲ್ಲಿ ತೋರಿಸಿದ ಮೇಲೆ ಶನಿವಾರ ಜನವೋ ಜನ. ವೇಷ ಹಾಕಿಕೊಂಡ ಬ್ಯಾಚುಲರ್ ಪಾರ್ಟಿಗಳು, ಗಲಾಟೆ, ಗಲೀಜು. ಸಣ್ಣ ಊರುಗಳ ಜನ ರೇಗಿದ್ರು, ಅದು ನ್ಯಾಯವೇ. ಆಗ ಕೆಲವು ಪಬ್‌ಗಳು ಶನಿವಾರ ಲಾಗರ್ ಬಿಯರ್ ಮತ್ತು ಶಾಟ್ಸ್ ಮಾರೋದನ್ನೇ ನಿಲ್ಲಿಸಿದವು. ಒಂದು ಒಳ್ಳೆ ಜಾಗ ಪ್ರಸಿದ್ಧವಾದ ಕೂಡಲೇ ಹಾಳಾಗೋದು ವೀಕೆಂಡ್ ನಂದಿ ಬೆಟ್ಟ ನೋಡಿರೋ ನಮಗೆ ಹೊಸದಲ್ಲ. ಆದರೂ ಕುಡಿದವರು ಕಾರು ಓಡಿಸದೆ ರೈಲಿನಲ್ಲಿ ಮನೆಗೆ ಹೋಗ್ತಾರೆ ಅನ್ನೋದು ಸಣ್ಣ ಮಾತಲ್ಲ.

ಹಾಗಾದ್ರೆ ನಮ್ಮ ಸ್ಟೇಷನ್‌ಗಳಲ್ಲೂ ಬಿಯರ್ ಇಡಬೇಕಾ? ಬೇಡ. ನಾವು ಕಲೀಬೇಕಾದ್ದು ಪಾನೀಯವನ್ನಲ್ಲ, ಕೋಣೆಯನ್ನ. ಸ್ಟೇಷನ್ನಿನಲ್ಲಿ ಹುಟ್ಟಿದ ರುಚಿ ನಮ್ಮಲ್ಲೂ ಇದೆ; ಮದ್ದೂರು ವಡೆ ಹೆಸರು ಮಾಡಿದ್ದೇ ರೈಲ್ವೆ ಸ್ಟೇಷನ್ನಿನಿಂದ. ಹಳೇ ಕಟ್ಟಡಗಳೂ ಇವೆ. ಬೆಂಗಳೂರು–ಚಿಕ್ಕಬಳ್ಳಾಪುರ ಲೈನಿನ ದೇವನಹಳ್ಳಿ, ನಂದಿ ಹಾಲ್ಟ್ ಸ್ಟೇಷನ್‌ಗಳನ್ನ ಒಮ್ಮೆ ಹೋಗಿ ನೋಡಿ. ಈಗ ರಾಜ್ಯದ ಎಷ್ಟೋ ಸ್ಟೇಷನ್‌ಗಳು ಅಮೃತ ಭಾರತ ಯೋಜನೆಯಲ್ಲಿ ಹೊಸದಾಗ್ತಿವೆ. ಲಿಫ್ಟ್, ಎಸ್ಕಲೇಟರ್, ದೊಡ್ಡ ಮುಂಭಾಗ ಎಲ್ಲ ಬರಲಿ. ಆದರೆ ಅಜ್ಜ ಅಜ್ಜಿ, ಬ್ಯಾಗ್ ಹೊತ್ತ ನಮ್ಮಂಥೋರು, ಒಂದು ಲೋಟ ಬಿಸಿ ಕಾಫಿ ಹಿಡಿದು ಒಂದು ಗಂಟೆ ನೆಮ್ಮದಿಯಾಗಿ ಕೂರೋ, ಊರಿನದೇ ತಿಂಡಿ ಸಿಗೋ ಒಂದು ಹಳೇ ಕೋಣೆಯನ್ನ ಕೆಡವದೆ ಉಳಿಸಲಿ.

ಬಿಲ್ಡಿಂಗ್ ಡ್ರಾಯಿಂಗ್‌ನಲ್ಲಿ ನಾವು 'ವೇಟಿಂಗ್ ಹಾಲ್' ಅಂತ ಒಂದು ಆಯತ ಎಳೆದು, ತಲೆಗೆ ಇಷ್ಟು ಚದರ ಮೀಟರ್ ಅಂತ ಲೆಕ್ಕ ಹಾಕಿ ಮುಂದಿನ ಶೀಟಿಗೆ ಹೋಗ್ತೀವಿ. ಬಾರ್ಲೋ ಒಂದು ಪೀಪಾಯಿಯನ್ನ ಅಳೆದು ಸ್ಟೇಷನ್ ಕಟ್ಟಿದ. ಇನ್ನು ಕೆಲವೇ ವರ್ಷಕ್ಕೆ ಇಂಥ ಡ್ರಾಯಿಂಗ್‌ಗಳು ನಮ್ಮಲ್ಲೇ ಯಾರದೋ ಟೇಬಲ್‌ಗೆ ಬರುತ್ತವೆ. ಆವಾಗ ಅಲ್ಲಿ ಕಾಯೋ ಮನುಷ್ಯನನ್ನೂ ಒಂದು ಸಲ ಅಳೆದು ನೋಡೋಣ: ಅವನು ಎಷ್ಟು ಹೊತ್ತು ಕೂರ್ತಾನೆ, ಯಾರ ಜೊತೆ ಕೂರ್ತಾನೆ, ಕೈಯಲ್ಲಿ ಏನು ಹಿಡಿದಿರ್ತಾನೆ.