ಯಾವ ಬಾಗಿಲು ತಟ್ಟಬೇಕು?



ನಮ್ಮ ಪಾಡಿಯ ಒಬ್ಬ ಅಕ್ಕ ಮೂವತ್ತು ವರ್ಷ ಟೀ ಸೊಪ್ಪು ಕೊಯ್ದು ಕೆಲಸದಿಂದ ನಿಂತರು. ಗ್ರಾಚ್ಯುಟಿ ಹಣ ಬರಲಿಲ್ಲ. ಮೊದಲು ಪೊಲೀಸ್ ಠಾಣೆಗೆ ಹೋದರು. ಆಮೇಲೆ ಯಾರದೋ ಮಾತು ಕೇಳಿ ಮುನ್ಸಿಫ್ ಕೋರ್ಟಿನಲ್ಲಿ ದಾವೆ ಹೂಡಲು ಓಡಾಡಿದರು. ಒಂದೂವರೆ ವರ್ಷ ಕಳೆದ ಮೇಲೆ, ಇದು ಇಲ್ಲಿಯ ವಿಷಯವಲ್ಲವೆಂದು ತಿಳಿಯಿತು. ಹಕ್ಕು ಅವರದೇ, ತಟ್ಟಿದ ಬಾಗಿಲು ಮಾತ್ರ ಬೇರೆ. ಈ ತಪ್ಪಿನಲ್ಲಿ ನಮಗೂ ಪಾಲಿದೆ. ಯೂನಿಯನ್ನಿನವರಾದ ನಾವು ಮೊದಲ ದಿನವೇ ಹೇಳಬೇಕಿತ್ತು.

ನಮ್ಮ ದೇಶದ ನ್ಯಾಯಾಲಯಗಳು ಒಂದೇ ಏಣಿಯ ಮೆಟ್ಟಿಲುಗಳಂತಿವೆ. ಅಮೆರಿಕದಲ್ಲಿ ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಎಂದು ಬೇರೆ ಬೇರೆ ಏಣಿಗಳಿವೆ. ಇಲ್ಲಿ ಹಾಗಿಲ್ಲ. ಆಸ್ತಿ, ಸಾಲದ ವ್ಯಾಜ್ಯ ಮುನ್ಸಿಫ್ ಕೋರ್ಟು ಅಥವಾ ಸಬ್ ಕೋರ್ಟಿನಲ್ಲಿ ಆರಂಭವಾಗುತ್ತದೆ. ಕಳವು, ಹೊಡೆದಾಟದಂಥ ಕೇಸು ಮ್ಯಾಜಿಸ್ಟ್ರೇಟರ ಮುಂದೆ ಬರುತ್ತದೆ. ಕೊಲೆಯಂಥ ದೊಡ್ಡ ಅಪರಾಧದ ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ನಮ್ಮ ಜಿಲ್ಲಾ ಮತ್ತು ಸೆಷನ್ಸ್ ಕೋರ್ಟು ಕಲ್ಪೆಟ್ಟದಲ್ಲಿದೆ. ಅದರ ಮೇಲೆ ಎರ್ನಾಕುಳಂನ ಕೇರಳ ಹೈಕೋರ್ಟು, ಎಲ್ಲಕ್ಕೂ ಮೇಲೆ ದೆಹಲಿಯ ಸುಪ್ರೀಂ ಕೋರ್ಟು.

ಕೂಲಿಕಾರರ ವಿಷಯಕ್ಕೆ ಬಾಗಿಲು ಬೇರೆ. ಗ್ರಾಚ್ಯುಟಿಗೆ ಕಾನೂನು ನೇಮಿಸಿದ ಅಧಿಕಾರಿಯೇ ಇದ್ದಾರೆ. ಅದನ್ನು ಅವರ ಮುಂದೆಯೇ ಕೇಳಬೇಕು, ಲೇಬರ್ ಕೋರ್ಟಿನಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟು 1979ರಲ್ಲೇ ಹೇಳಿತು. ಪಿ.ಎಫ್. ದೂರು ಪಿ.ಎಫ್. ಕಚೇರಿಗೆ. ಕೆಲಸದಿಂದ ತೆಗೆದರೆ ಮೊದಲು ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಸಂಧಾನ, ಅಲ್ಲಿ ಮುಗಿಯದಿದ್ದರೆ ನ್ಯಾಯಮಂಡಳಿ. 2025 ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಹೊಸ ಸಂಹಿತೆ ನಿಂತಿದೆ. ವಜಾ ಆದವರಿಗೆ ಹಿಂದೆ ಮೂರು ವರ್ಷದ ಗಡುವಿತ್ತು, ಈಗ ಎರಡೇ ವರ್ಷ. ಬಾಗಿಲು ತಪ್ಪಿ ಅಲೆದರೆ ಅಷ್ಟರಲ್ಲಿ ಗಡುವೇ ಮುಗಿದುಹೋದೀತು.

ಊರನ್ನೂ ನೋಡಬೇಕು. ನಮ್ಮಲ್ಲಿ ಕೆಲವರು ಗೂಡಲೂರಿನಲ್ಲೋ ಕೊಡಗಿನಲ್ಲೋ ದುಡಿದು ಬರುತ್ತಾರೆ. ಮನೆ ವಯನಾಡಿನಲ್ಲಿದ್ದರೂ, ಕೂಲಿಯ ತಕರಾರು ಸಾಮಾನ್ಯವಾಗಿ ಕೆಲಸ ನಡೆದ ಕಡೆಗೇ ಸೇರುತ್ತದೆ. ಗೂಡಲೂರು ಮದರಾಸು ಹೈಕೋರ್ಟಿನ ವ್ಯಾಪ್ತಿ, ಕೊಡಗು ಕರ್ನಾಟಕ ಹೈಕೋರ್ಟಿನದು.

ಬಾಗಿಲು ತಪ್ಪುವುದು ಬಡವರಿಗೆ ಮಾತ್ರವಲ್ಲ. ಹ್ಯಾರಿಸನ್ಸ್ ಮಲಯಾಳಂ ಕಂಪನಿಯ ವಶದಲ್ಲಿರುವ ಜಮೀನನ್ನು ಹಿಂದಕ್ಕೆ ಪಡೆಯಲು ಕೇರಳ ಸರ್ಕಾರ ವಿಶೇಷ ಅಧಿಕಾರಿಯನ್ನು ನೇಮಿಸಿತ್ತು. ಜಮೀನಿನ ಒಡೆತನವನ್ನು ಅಧಿಕಾರಿ ತೀರ್ಮಾನಿಸಲಾಗದು, ಅದು ಸಿವಿಲ್ ಕೋರ್ಟಿನ ಕೆಲಸ ಎಂದು ಹೈಕೋರ್ಟು 2018ರ ಏಪ್ರಿಲ್‌ನಲ್ಲಿ ಆ ಕ್ರಮವನ್ನು ರದ್ದುಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟೂ ಸರ್ಕಾರದ ಮೇಲ್ಮನವಿಯನ್ನು ಒಪ್ಪಲಿಲ್ಲ. ಸರ್ಕಾರ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಬೇಕಾಯಿತು. ದೊಡ್ಡ ವಕೀಲರಿರುವ ಸರ್ಕಾರಕ್ಕೇ ಹೀಗಾದರೆ, ದಿನಗೂಲಿ ಬಿಟ್ಟು ಓಡಾಡುವ ನಮ್ಮ ಗತಿಯೇನು?

ಸಭೆಗಳಲ್ಲಿ "ಸುಪ್ರೀಂ ಕೋರ್ಟಿನವರೆಗೂ ಹೋಗುತ್ತೇವೆ" ಎಂದು ಗುಡುಗುವುದನ್ನು ಕೇಳಿದ್ದೇವೆ, ನಾವೂ ಗುಡುಗಿದ್ದೇವೆ. ಆದರೆ ಸಾಕ್ಷಿ ಕೇಳುವುದು, ದಾಖಲೆ ನೋಡುವುದು ಹೆಚ್ಚಾಗಿ ಕೆಳಗೇ. ನ್ಯಾಯಮಂಡಳಿಯ ತೀರ್ಪು ಹೈಕೋರ್ಟಿಗೆ ಹೋದರೆ, ಅಲ್ಲಿ ಸಾಮಾನ್ಯವಾಗಿ ಹೊಸದಾಗಿ ಸಾಕ್ಷಿ ಕೇಳುವುದಿಲ್ಲ. ಕೆಳಗೆ ಕಾನೂನು ತಪ್ಪಿತೇ ಎಂದು ನೋಡುತ್ತಾರೆ. ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಬೇಕು. ಸಂಬಳ ಚೀಟಿಯನ್ನು ಕೆಳಗೆ ತೋರಿಸದವನಿಗೆ ಮೇಲೆ ಹೋದರೂ ಪ್ರಯೋಜನ ಕಡಿಮೆ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೇ: ಮೊದಲ ಮೆಟ್ಟಿಲನ್ನೇ ಗಟ್ಟಿಮಾಡಿಕೊಳ್ಳಬೇಕು.

ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ, 2024 ಜುಲೈ 30ರಂದು ಮುಂಡಕೈ, ಚೂರಲ್‌ಮಲದಲ್ಲಿ ನಡೆದಂಥ ದೊಡ್ಡ ದುರಂತಕ್ಕೆ ಸಿಕ್ಕವರಿಗೆ ವಕೀಲರ ನೆರವು ಉಚಿತ. ಇವರ ಆದಾಯ ಎಷ್ಟೆಂದು ಕೇಳುವುದಿಲ್ಲ. ಕಲ್ಪೆಟ್ಟದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. ಇದು ಭಿಕ್ಷೆಯಲ್ಲ, ಹಕ್ಕು.

ಪ್ರತಿ ಪಾಡಿಯಲ್ಲೂ ಒಂದು ತಗಡಿನ ಪೆಟ್ಟಿಗೆ ಇರಲಿ. ಸಂಬಳ ಚೀಟಿ, ಪಿ.ಎಫ್. ನಂಬರು, ಕೆಲಸಕ್ಕೆ ಸೇರಿದ ತಾರೀಖು, ಕೊಟ್ಟ ಅರ್ಜಿಯ ಪ್ರತಿ ಅದರಲ್ಲಿರಲಿ. ಮಲಯಾಳದ ನೋಟೀಸು ಓದಿ ಕನ್ನಡದಲ್ಲಿ ಹೇಳಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಆ ಕೆಲಸಕ್ಕೆ ನೇಮಿಸಿರಿ. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮೊದಲ ದಿನವೇ ಕೇಳಿರಿ: ಇದಕ್ಕೆ ಯಾವ ಬಾಗಿಲು?

ಆ ಅಕ್ಕನ ಅರ್ಜಿ ಈಗ ಸರಿಯಾದ ಅಧಿಕಾರಿಯ ಮುಂದಿದೆ. ಅದಕ್ಕಾಗಿ ಅವರ ಹಳೆಯ ಸಂಬಳ ಚೀಟಿಗಳನ್ನು ಹುಡುಕಲು ನಮಗೆ ಎರಡು ಭಾನುವಾರ ಹಿಡಿಯಿತು. ನಿಮ್ಮ ಮನೆಯ ಚೀಟಿಗಳನ್ನು ಇಂದೇ ಹುಡುಕಿ ಇಡಿರಿ.