ಕಾರಣ ಹೇಳದ ಅಂಕ

ಹನ್ನೆರಡನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗೆ ನಾನು ಕೊಟ್ಟಿದ್ದ ಐದು ಅಂಕಗಳ ಪ್ರಶ್ನೆಯೊಂದು ಹೀಗಿತ್ತು: ಹದಿನಾರು ವರ್ಷದ ಹುಡುಗನೊಬ್ಬ ಅಂಗಡಿಯಲ್ಲಿ ಕಂತಿನ ಮೇಲೆ ಮೊಬೈಲ್ ಫೋನ್ ಕೊಳ್ಳುತ್ತಾನೆ. ಎರಡು ಕಂತು ಕಟ್ಟಿ ನಿಲ್ಲಿಸುತ್ತಾನೆ. ಉಳಿದ ಹಣಕ್ಕಾಗಿ ಅಂಗಡಿಯವನು ಅವನ ಮೇಲೆ ದಾವೆ ಹೂಡಬಹುದೇ? ಉತ್ತರವೇನೋ ಸರಳವಾದದ್ದೇ. 1872ರ ಕರಾರು ಕಾಯ್ದೆಯ ಸೆಕ್ಷನ್ 11ರ ಪ್ರಕಾರ ಅಪ್ರಾಪ್ತ ವಯಸ್ಕರಿಗೆ ಕರಾರು ಮಾಡಿಕೊಳ್ಳುವ ಅರ್ಹತೆಯಿಲ್ಲ. ಅಂಥ ಕರಾರು ಮೂಲದಿಂದಲೇ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೊಹೊರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿದೆ. ಇಷ್ಟನ್ನು ಬರೆದವರಿಗೆಲ್ಲ ಐದಕ್ಕೆ ಐದು ಕೊಟ್ಟೆ.

ಒಬ್ಬ ಹುಡುಗಿ ಮಾತ್ರ ಸೆಕ್ಷನ್ನನ್ನೂ ಬರೆದಿರಲಿಲ್ಲ, ಪ್ರಕರಣದ ಹೆಸರನ್ನೂ ಬರೆದಿರಲಿಲ್ಲ. ಹುಡುಗ ಚಿಕ್ಕವನು, ಆದ್ದರಿಂದ ಕರಾರು ನಿಲ್ಲುವುದಿಲ್ಲ, ಹಣ ಕೇಳಲಾಗದು ಎಂದು ಎರಡು ಸಾಲಿನಲ್ಲಿ ಹೇಳಿ, ಆಮೇಲೆ ಅರ್ಧ ಪುಟ ಬೇರೊಂದು ವಿಚಾರಕ್ಕೆ ಇಳಿದಿದ್ದಳು. ಹಣ ಕೇಳಲಾಗದು ಸರಿ, ಆದರೆ ಫೋನ್ ಇನ್ನೂ ಅವನ ಜೇಬಿನಲ್ಲೇ ಇದೆಯಲ್ಲ? ಅದನ್ನಾದರೂ ವಾಪಸು ಕೇಳಬಹುದೇ? ಕೇಳಲಾಗದು ಎಂದರೆ ಮಕ್ಕಳನ್ನು ಕಾಪಾಡಬೇಕಾದ ಕಾನೂನೇ ಮೋಸಕ್ಕೆ ದಾರಿ ಮಾಡಿಕೊಟ್ಟಂತಾಗುವುದಿಲ್ಲವೇ? ಮಾರ್ಕಿಂಗ್ ಸ್ಕೀಮ್‌ನಲ್ಲಿ ಈ ಅಂಶ ಇರಲಿಲ್ಲ. ಎರಡೂವರೆ ಹಾಕಿ ಪುಟ ತಿರುಗಿಸಿದೆ.

ಸುಮಾರು ಇಪ್ಪತ್ತು ವರ್ಷ ಸಿವಿಲ್ ನ್ಯಾಯಾಲಯಗಳಲ್ಲಿ ವಕೀಲಿ ಮಾಡಿದ ಮೇಲೆ ಶಾಲೆಯೊಂದರಲ್ಲಿ ಕಾನೂನು ಪಾಠ ಹೇಳಲು ಬಂದವನು ನಾನು. ಆ ಹುಡುಗಿ ಎತ್ತಿದ ಪ್ರಶ್ನೆ ಕ್ಷುಲ್ಲಕವಲ್ಲವೆಂಬುದು ಬೇರೆಯವರಿಗೆ ತಿಳಿಯದಿದ್ದರೂ ನನಗೆ ತಿಳಿದಿರಬೇಕಿತ್ತು. ವಯಸ್ಸು ಮರೆಮಾಚಿ ಲಾಭ ಪಡೆದ ಅಪ್ರಾಪ್ತನಿಂದ ಅದನ್ನು ಹಿಂದಕ್ಕೆ ಪಡೆಯಬಹುದೇ ಎಂಬ ವಿಚಾರದಲ್ಲಿ 1928ರಲ್ಲಿ ಲಾಹೋರ್ ಹೈಕೋರ್ಟ್ ಒಂದು ನಿಲುವು ತಳೆದರೆ, 1937ರಲ್ಲಿ ಅಲಹಾಬಾದ್ ಹೈಕೋರ್ಟ್ ಅದಕ್ಕೆ ಭಿನ್ನವಾದ ನಿಲುವು ತಳೆಯಿತು. ಕೊನೆಗೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 33ರಲ್ಲಿ, ಅಪ್ರಾಪ್ತನು ತಾನು ಪಡೆದ ಲಾಭದ ಮಟ್ಟಿಗೆ ಅದನ್ನು ಹಿಂದಿರುಗಿಸುವಂತೆ ಆದೇಶಿಸಲು ನ್ಯಾಯಾಲಯಕ್ಕೆ ಅವಕಾಶ ಕಲ್ಪಿಸಲಾಯಿತು. ಹೈಕೋರ್ಟುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆಯನ್ನು ಹದಿನೇಳರ ಹುಡುಗಿ ಯಾವ ಪುಸ್ತಕದ ನೆರವೂ ಇಲ್ಲದೆ, ಪರೀಕ್ಷಾ ಕೊಠಡಿಯಲ್ಲಿ ಕುಳಿತು, ತಾನಾಗಿಯೇ ತಲುಪಿದ್ದಳು.

ಉತ್ತರಪತ್ರಿಕೆ ಹಿಡಿದುಕೊಂಡು ಬಂದ ಅವಳು ಜಗಳವಾಡಲಿಲ್ಲ. 'ಸರ್, ನಾನು ಬರೆದದ್ದು ತಪ್ಪಾ?' ಎಂದು ಕೇಳಿದಳು. ತಪ್ಪಲ್ಲ, ಆದರೆ ಸ್ಕೀಮ್‌ನಲ್ಲಿ ಇಲ್ಲ ಎಂದೆ. 'ಹಾಗಾದರೆ ಎರಡೂವರೆ ಯಾಕೆ ಅಂತ ಎಲ್ಲೂ ಬರೆದಿಲ್ಲವಲ್ಲ ಸರ್' ಎಂದಳು. ಅದಕ್ಕೆ ಒಂದು ವಾರ ಮುಂಚೆಯಷ್ಟೇ ಅದೇ ತರಗತಿಗೆ ನಾನು ಸಹಜ ನ್ಯಾಯದ ತತ್ತ್ವಗಳನ್ನು ಪಾಠ ಮಾಡಿದ್ದೆ: ಇನ್ನೊಬ್ಬರ ಅಹವಾಲು ಕೇಳದೆ ತೀರ್ಮಾನಿಸಬಾರದು, ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಆದೇಶ ಮಾಡಿದವನು ಕಾರಣ ಕೊಡಬೇಕು. ಆಡಳಿತಾಧಿಕಾರಿಗಳೂ ತಮ್ಮ ಆದೇಶಗಳಿಗೆ ಕಾರಣ ದಾಖಲಿಸಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರ ಎಸ್.ಎನ್. ಮುಖರ್ಜಿ ಪ್ರಕರಣದಲ್ಲಿ ಹೇಳಿದ್ದನ್ನು ನಾನೇ ಹಲಗೆಯ ಮೇಲೆ ಬರೆದಿದ್ದೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು.

ನಮ್ಮ ರಾಜ್ಯದ ಪದವಿಪೂರ್ವ ಪಠ್ಯಕ್ರಮದಲ್ಲಿ ಕಾನೂನು ಒಂದು ಪ್ರತ್ಯೇಕ ವಿಷಯವಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ಅಂದರೆ ಸಿಬಿಎಸ್‌ಇ, 2013ರಿಂದ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳಲ್ಲಿ 'ಲೀಗಲ್ ಸ್ಟಡೀಸ್' ಎಂಬ ಐಚ್ಛಿಕ ವಿಷಯವನ್ನು ಇಟ್ಟಿದೆ. ಲಿಖಿತ ಪರೀಕ್ಷೆಗೆ 80 ಅಂಕ, ಪ್ರಾಜೆಕ್ಟಿಗೆ 20 ಅಂಕ. ನ್ಯಾಯಾಂಗದ ಸ್ವರೂಪ, ಕರಾರು, ಆಸ್ತಿ, ಅಪರಾಧ, ಮಧ್ಯಸ್ಥಿಕೆ, ಮಾನವ ಹಕ್ಕು, ವಕೀಲಿ ವೃತ್ತಿ ಎಲ್ಲವೂ ಅದರಲ್ಲಿವೆ. ಲ್ಯಾಟಿನ್ ನ್ಯಾಯಸೂತ್ರಗಳಿಗೂ ಒಂದು ಅಧ್ಯಾಯವಿದೆ. ಮಕ್ಕಳು ಅದನ್ನು ಮಂತ್ರದಂತೆ ಉರು ಹೊಡೆಯುತ್ತಾರೆ.

ಈ ವಿಷಯವನ್ನು ಯಾಕೆ ಆರಿಸಿಕೊಂಡಿರಿ ಎಂದು ಪ್ರತಿ ವರ್ಷ ಮೊದಲ ದಿನ ಕೇಳುತ್ತೇನೆ. ಕೆಲವರಿಗೆ ಗಣಿತದಿಂದ ತಪ್ಪಿಸಿಕೊಳ್ಳಬೇಕಾಗಿರುತ್ತದೆ. ಕೆಲವರಿಗೆ ಇದು ಸುಲಭವಾಗಿ ಅಂಕ ತೆಗೆಯಬಹುದಾದ ವಿಷಯವೆಂದು ಹಿರಿಯ ವಿದ್ಯಾರ್ಥಿಗಳು ಹೇಳಿರುತ್ತಾರೆ. ಉಳಿದವರಿಗೆ ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಕಣ್ಣ ಮುಂದಿರುತ್ತದೆ. ನಾಗರಬಾವಿಯ ಕಾನೂನು ಶಾಲೆ ನಮ್ಮೂರಿನಲ್ಲೇ ಇರುವುದರಿಂದ ಆ ಆಸೆ ಬೆಂಗಳೂರಿನ ಮಕ್ಕಳಲ್ಲಿ ತುಸು ಹೆಚ್ಚೇ. ವಿಚಿತ್ರವೆಂದರೆ 2020ರಿಂದ ಕ್ಲಾಟ್ ಪರೀಕ್ಷೆ ಕಾನೂನಿನ ಪೂರ್ವಜ್ಞಾನವನ್ನು ಬೇಡುವುದಿಲ್ಲ. ಒಂದು ಗದ್ಯಭಾಗ ಕೊಟ್ಟು, ಅದರಲ್ಲಿರುವ ತತ್ತ್ವವನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸಲು ಹೇಳುತ್ತದೆ. ಆದ್ದರಿಂದ ಮಕ್ಕಳು ಎರಡು ಬಗೆಯ ಕಾನೂನು ಕಲಿಯುತ್ತಿದ್ದಾರೆ. 'ಸರ್, ಇದು ಬೋರ್ಡಿಗೆ, ಅದು ಕ್ಲಾಟಿಗೆ' ಎಂದು ಅವರೇ ನನಗೆ ವಿಂಗಡಿಸಿ ಹೇಳುತ್ತಾರೆ. ಬೋರ್ಡಿಗಾದರೆ ನೆನಪು, ಕ್ಲಾಟಿಗಾದರೆ ಯೋಚನೆ ಎಂಬುದು ಅದರ ಅರ್ಥ. ತರಗತಿಯಲ್ಲಿ ಚರ್ಚೆ ಕಾವೇರಿದಾಗ ಹಿಂದಿನ ಬೆಂಚಿನಿಂದ 'ಇದು ಪರೀಕ್ಷೆಗೆ ಬರುತ್ತಾ ಸರ್?' ಎಂಬ ದನಿ ಏಳುವುದು ಇಂಥ ಗಳಿಗೆಯಲ್ಲೇ. ಆ ಮಗುವನ್ನು ಗದರಿಸುವ ಮುನ್ನ, ಹಾಗೆ ಕೇಳಲು ಕಲಿಸಿದವರು ಯಾರೆಂದು ನಾವು ಯೋಚಿಸಬೇಕು.

ಪ್ರಾಜೆಕ್ಟಿನ ಕತೆ ಇನ್ನೂ ಬೇರೆ. ಕಳೆದ ವರ್ಷ ಹನ್ನೊಂದನೆಯ ತರಗತಿಯ ಹುಡುಗನೊಬ್ಬ ಗ್ರಾಹಕ ಆಯೋಗದ ಬಗ್ಗೆ ಎಂಟು ಪುಟ ಬರೆದು ತಂದ. ಮನೆಯ ನೀರಿನ ಶುದ್ಧೀಕರಣ ಯಂತ್ರ ಕೆಟ್ಟು, ಅವನ ತಂದೆ ದೂರು ದಾಖಲಿಸಿದ್ದರು. ರಜೆಯಲ್ಲಿ ಒಂದು ದಿನ ತಂದೆಯೊಂದಿಗೆ ಹೋಗಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುಳಿತು, ಆ ಹೊತ್ತಿನಲ್ಲಿ ಕೂಗಿದ ಪ್ರಕರಣಗಳೆಷ್ಟು, ಮುಂದೂಡಿದವೆಷ್ಟು, ಪ್ರತಿ ಮುಂದೂಡಿಕೆಗೆ ಕೊಟ್ಟ ನೆಪವೇನು ಎಂದು ಪಟ್ಟಿ ಮಾಡಿದ್ದ. ಸರಕಿನ ಪರೀಕ್ಷೆ ಬೇಕಿಲ್ಲದ ದೂರುಗಳನ್ನು ಸಾಧ್ಯವಾದ ಮಟ್ಟಿಗೆ ಮೂರು ತಿಂಗಳಲ್ಲಿ ಇತ್ಯರ್ಥಪಡಿಸಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ ಎಂಬ ವಾಕ್ಯವನ್ನು ಬರೆದು, ಅದರ ಕೆಳಗೆ ತಂದೆಯ ದೂರಿನ ದಿನಾಂಕವನ್ನಷ್ಟೇ ನಮೂದಿಸಿದ್ದ. ಕೈಬರಹ ಕೆಟ್ಟದಾಗಿತ್ತು, ಎರಡು ಕಡೆ ಚಹಾದ ಕಲೆಯಿತ್ತು. ಉಳಿದ ಮಕ್ಕಳು ತಂದದ್ದು ಬಣ್ಣದ ಮುಖಪುಟದ, ಸ್ಪೈರಲ್ ಬೈಂಡ್ ಮಾಡಿಸಿದ, ನಲವತ್ತು ನಲವತ್ತು ಪುಟಗಳ ಪ್ರಾಜೆಕ್ಟುಗಳು. ಅವುಗಳಲ್ಲಿ ಎಷ್ಟನ್ನು ಕಂಪ್ಯೂಟರ್ ಬರೆಯಿತು, ಎಷ್ಟನ್ನು ತಾಯಂದಿರು ಬರೆದರು ಎಂದು ಬೇರ್ಪಡಿಸುವುದು ನನ್ನಿಂದಾಗದ ಕೆಲಸ. ಒಂದರಲ್ಲಿ ಉಲ್ಲೇಖಿಸಿದ್ದ ತೀರ್ಪನ್ನು ಹುಡುಕಹೊರಟರೆ ಅಂಥ ತೀರ್ಪೇ ಇರಲಿಲ್ಲ. ಮಕ್ಕಳನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದರ ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳನ್ನು ಉಲ್ಲೇಖಿಸಿರುವುದನ್ನು 2025ರಲ್ಲಿ ಕರ್ನಾಟಕ ಹೈಕೋರ್ಟ್ ಗಂಭೀರವಾಗಿ ಪರಿಗಣಿಸಬೇಕಾಯಿತು.

ಎಲ್ಲರಿಗೂ ಹತ್ತೊಂಬತ್ತು ಕೊಟ್ಟೆ. ಎಂಟು ಪುಟದ ಹುಡುಗನಿಗೂ ಹತ್ತೊಂಬತ್ತೇ. ಶಾಲೆಯೊಳಗಿನ ಅಂಕ ಪೂರ್ತಿ ಸಿಗಬೇಕೆಂಬುದು ಪೋಷಕರ ನಿರೀಕ್ಷೆ, ಮಕ್ಕಳ ನಿರೀಕ್ಷೆ, ಆಡಳಿತದ ನಿರೀಕ್ಷೆ. ಒಬ್ಬನಿಗೆ ಹದಿನಾಲ್ಕು ಕೊಟ್ಟು ನೋಡಿ, ಮರುದಿನ ಬೆಳಿಗ್ಗೆ ನಿಮ್ಮನ್ನು ಕಚೇರಿಗೆ ಕರೆಸುತ್ತಾರೆ. ಹೀಗೆ ಎಂಬತ್ತು ಅಂಕಗಳಲ್ಲಿ ನಾವು ಸ್ಕೀಮಿನ ಆಚೆಗೆ ಕಣ್ಣೆತ್ತಿ ನೋಡುವುದಿಲ್ಲ, ಉಳಿದ ಇಪ್ಪತ್ತರಲ್ಲಿ ಕಣ್ಣು ತೆರೆಯುವುದೇ ಇಲ್ಲ. ಒಂದು ಕಡೆ ಕಾಠಿಣ್ಯ, ಇನ್ನೊಂದು ಕಡೆ ಧಾರಾಳ. ಎರಡರಲ್ಲೂ ಮಗು ಏನು ಯೋಚಿಸಿತು ಎಂಬ ಪ್ರಶ್ನೆಗೆ ಜಾಗವಿಲ್ಲ.

ಸ್ಕೀಮನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕಲಾಗದು. ಲಕ್ಷಾಂತರ ಉತ್ತರಪತ್ರಿಕೆಗಳನ್ನು ಕೆಲವೇ ವಾರಗಳಲ್ಲಿ ಸಾವಿರಾರು ಶಿಕ್ಷಕರು ನೋಡಬೇಕು. ಒಬ್ಬರು ಉದಾರಿ, ಒಬ್ಬರು ಜಿಪುಣರು. ಒಬ್ಬರಿಗೆ ಅಂದವಾದ ಅಕ್ಷರ ಇಷ್ಟ, ಒಬ್ಬರಿಗೆ ಆ ದಿನ ತಲೆನೋವು. ಗುವಾಹಟಿಯ ಮಗುವಿಗೂ ಹುಬ್ಬಳ್ಳಿಯ ಮಗುವಿಗೂ ಒಂದೇ ಅಳತೆಗೋಲು ಇರಬೇಕಾದರೆ ಏನೋ ಒಂದು ಪಟ್ಟಿ ಬೇಕೇ ಬೇಕು. ಸಂವಿಧಾನದ 14ನೆಯ ವಿಧಿಯನ್ನು ಪಾಠ ಮಾಡುವವನು ಇದನ್ನು ಅಲ್ಲಗಳೆಯಲಾರ. ನ್ಯಾಯಾಲಯಗಳೂ ಪರೀಕ್ಷಾ ಮಂಡಳಿಗಳ ಕಡೆಗೇ ವಾಲಿವೆ. 1984ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಉತ್ತರಪತ್ರಿಕೆ ನೋಡುವ ಹಾಗೂ ಮರುಮೌಲ್ಯಮಾಪನ ಬೇಡುವ ಹಕ್ಕನ್ನು ಸಹಜ ನ್ಯಾಯದ ಹೆಸರಿನಲ್ಲಿ ಕೇಳಲಾಗದು ಎಂದಿತು. 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ನಮ್ಮ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರಿದ್ದ ಪೀಠವು, ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ಅದನ್ನು ನೋಡುವ ಮತ್ತು ಪ್ರತಿ ಪಡೆಯುವ ಹಕ್ಕು ವಿದ್ಯಾರ್ಥಿಗಿದೆ ಎಂದು ಹೇಳಿತು. ಒಳ್ಳೆಯ ತೀರ್ಪು. ಆದರೆ ಪ್ರತಿ ಪಡೆದ ವಿದ್ಯಾರ್ಥಿಗೆ ಕಾಣುವುದೇನು? ಅಂಚಿನಲ್ಲಿ ಕೆಂಪು ಶಾಯಿಯ ಒಂದು ಅಂಕಿ. ಆದೇಶದ ನಕಲು ಸಿಕ್ಕಿತು, ಕಾರಣ ಸಿಗಲಿಲ್ಲ.

ತಮಾಷೆಯೆಂದರೆ ಸ್ಕೀಮ್ ಅಷ್ಟೊಂದು ಕ್ರೂರಿಯೂ ಅಲ್ಲ. ಸಿಬಿಎಸ್‌ಇ ಮೌಲ್ಯಮಾಪಕರಿಗೆ ಕೊಡುವ ಸಾಮಾನ್ಯ ಸೂಚನೆಗಳಲ್ಲಿ, ಇತ್ತೀಚಿನ ಮಾಹಿತಿಯನ್ನು ಆಧರಿಸಿದ ಅಥವಾ ಹೊಸ ರೀತಿಯಲ್ಲಿ ಯೋಚಿಸಿದ ಉತ್ತರಗಳ ಸರಿತಪ್ಪನ್ನು ಪ್ರತ್ಯೇಕವಾಗಿ ಪರಿಶೀಲಿಸಿ ತಕ್ಕ ಅಂಕ ನೀಡಬಹುದೆಂಬ ಸೂಚನೆಯಿದೆ. ಕೊಲೆಗೆ 302 ಎಂದು ನಿರೀಕ್ಷಿಸುವ ಮೌಲ್ಯಮಾಪಕರ ಕೈಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103 ಎಂದು ಬರೆದ ಉತ್ತರ ಸಿಕ್ಕರೆ ನೆರವಿಗೆ ಬರಬೇಕಾದದ್ದು ಈ ಸೂಚನೆಯೇ. 2024-25ರಿಂದ ಹನ್ನೊಂದು, ಹನ್ನೆರಡನೆಯ ತರಗತಿಗಳ ಪ್ರಶ್ನೆಪತ್ರಿಕೆಯಲ್ಲಿ ಸಾಮರ್ಥ್ಯ ಆಧಾರಿತ ಪ್ರಶ್ನೆಗಳ ಪಾಲನ್ನು ಶೇ 40ರಿಂದ ಶೇ 50ಕ್ಕೆ ಏರಿಸಿದ್ದೂ ಇದೇ ಮಂಡಳಿ. ನಿಯಮದಲ್ಲಿ ವಿನಾಯಿತಿ ಇದೆ. ಅದನ್ನು ಬಳಸುವ ಧೈರ್ಯ ನನಗಿರಲಿಲ್ಲ. ಸ್ಕೀಮಿನ ಸಾಲಿಗೆ ಗೆರೆ ಹೊಡೆದು ಅಂಕ ಕೊಟ್ಟರೆ ನನ್ನನ್ನು ಯಾರೂ ಪ್ರಶ್ನಿಸುವುದಿಲ್ಲ. ಸ್ವಂತ ವಿವೇಚನೆ ಬಳಸಿದರೆ ವಿವರಣೆ ಕೊಡಬೇಕಾಗುತ್ತದೆ. ತಹಸೀಲ್ದಾರರ ಕಚೇರಿಯಲ್ಲಿ 'ನಿಯಮದಲ್ಲಿ ಇಲ್ಲ' ಎಂದು ಅರ್ಜಿ ಹಿಂದಿರುಗಿಸುವ ಗುಮಾಸ್ತನನ್ನು ವಕೀಲನಾಗಿ ಎಷ್ಟೋ ಸಲ ಶಪಿಸಿದ್ದೇನೆ. ಆ ಹುಡುಗಿಯ ಮುಂದೆ ನಾನು ಆಡಿದ ಮಾತು ಅದೇ ಆಗಿತ್ತು.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಬೋರ್ಡ್ ಪರೀಕ್ಷೆಯ ಮಾತು ಹಾಗಿರಲಿ. ಶಾಲೆಯೊಳಗೆ ನಡೆಯುವ ಕಾನೂನು ಪರೀಕ್ಷೆಗಳಲ್ಲಾದರೂ ದೊಡ್ಡ ಪ್ರಶ್ನೆಗಳಿಗೆ ಕೊಟ್ಟ ಅಂಕದ ಪಕ್ಕ ಎರಡು ಸಾಲು ಕಾರಣ ಇರಬೇಕು. ಅದನ್ನು ಪ್ರಶ್ನಿಸಲು ವಿದ್ಯಾರ್ಥಿಗೆ ಲಿಖಿತ ಅವಕಾಶ ಇರಬೇಕು, ಆ ಅರ್ಜಿಯನ್ನು ಅಂಕ ಕೊಟ್ಟವರಲ್ಲದೆ ಇನ್ನೊಬ್ಬ ಶಿಕ್ಷಕರು ನೋಡಬೇಕು. ಪ್ರಾಜೆಕ್ಟಿಗೆ ಪುಟದ ಲೆಕ್ಕ ಬಿಟ್ಟು, ಹತ್ತು ನಿಮಿಷ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಬೇಕು. ನಲವತ್ತು ಪುಟದ ಪ್ರಾಜೆಕ್ಟು ಯಾರದೆಂಬುದು ಮೂರನೆಯ ಪ್ರಶ್ನೆಗೆ ತಿಳಿದುಬಿಡುತ್ತದೆ. ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಇದು ಒಳ್ಳೆಯದೇ ಇರಬಹುದು, ಆದರೆ ಕಾನೂನಿನ ತರಗತಿಗೆ ಇದು ಪಠ್ಯದ ಭಾಗ. ಆದೇಶವನ್ನು ಪ್ರಶ್ನಿಸುವುದು ಹೇಗೆಂದು ಮಗು ಮೊದಲು ಕಲಿಯುವುದು ತನ್ನ ಮೇಲೆ ಆದ ಆದೇಶದಿಂದಲೇ.

ಈ ವರ್ಷ ನಾನೊಬ್ಬನೇ ಇದನ್ನು ಶುರು ಮಾಡಿದ್ದೇನೆ. ಒಂದು ಉತ್ತರಕ್ಕೆ ಕಾರಣ ಬರೆಯಲು ಎರಡು ಮೂರು ನಿಮಿಷ ಹಿಡಿಯುತ್ತದೆ, ನಲವತ್ತು ಮಕ್ಕಳ ಉತ್ತರಪತ್ರಿಕೆಗಳೆಂದರೆ ಸಂಜೆಗಳೇ ಹೋಗುತ್ತವೆ. ಅಂಕಗಳನ್ನು ತಡವಾಗಿ ಒಪ್ಪಿಸಿದ್ದಕ್ಕೆ ಎರಡು ಸಲ ಜ್ಞಾಪನಾ ಪತ್ರ ಬಂದಿದೆ. ಅಂಕಪಟ್ಟಿ ಕೊಡುವ ದಿನ ತಂದೆಯೊಬ್ಬರು ಬಂದು 'ಸಾರ್, ಆ ಅರ್ಧ ಅಂಕ ಎಲ್ಲಿ ಹೋಯಿತು, ಅಷ್ಟು ಹೇಳಿಬಿಡಿ' ಎಂದು ಪಟ್ಟು ಹಿಡಿದರು. ಹಿಂದೆಲ್ಲ ಇಂಥವರನ್ನು ಕಂಡರೆ ರೇಗುತ್ತಿತ್ತು. ಈ ಸಲ ಪತ್ರಿಕೆ ತೆಗೆದು ನಾನು ಬರೆದಿದ್ದ ಸಾಲನ್ನು ತೋರಿಸಿದೆ. ಓದಿದರು, ಒಪ್ಪಲಿಲ್ಲ, ಇನ್ನೊಬ್ಬರಿಂದ ನೋಡಿಸಿ ಎಂದರು. ಇನ್ನೊಬ್ಬರು ನಮ್ಮಲ್ಲಿಲ್ಲ; ಶಾಲೆಗೆ ಕಾನೂನಿನ ಶಿಕ್ಷಕ ನಾನೊಬ್ಬನೇ.

ಹುಡುಗಿಯ ಎರಡೂವರೆ ಅಂಕ ಮಾತ್ರ ದಾಖಲೆಯಲ್ಲಿ ಹಾಗೇ ಉಳಿದಿದೆ. ಅದನ್ನು ತಿದ್ದೋಣವೆಂದು ನಾನು ಕಚೇರಿಗೆ ಹೋದಾಗ ಅಂಕಗಳನ್ನು ಆಗಲೇ ಕಂಪ್ಯೂಟರಿಗೆ ಏರಿಸಿ ಮುಚ್ಚಿಬಿಟ್ಟಿದ್ದರು. ಅದನ್ನು ಮತ್ತೆ ತೆರೆಸಲು ಅರ್ಜಿಯ ನಮೂನೆ ಇದೆಯೇ ಎಂದು ಕೇಳಿದೆ. ಅಂಥದ್ದೊಂದು ನಮೂನೆ ಇಲ್ಲವೆಂದರು.