ಓವರ್‌ಕ್ಲಾಕಿಂಗ್: ಲೆಕ್ಕ ಹಾಕಿದರೆ ಕೈಗೆ ಬರುವುದೆಷ್ಟು?

ರಜೆ ಹತ್ತಿರ ಬಂದ ಹಾಗೆ ನಮ್ಮ ಕಾಲೇಜಿನ ಕಟ್ಟೆಯ ಮೇಲೆ ಓವರ್‌ಕ್ಲಾಕಿಂಗ್ ಎಂಬ ಮಾತು ಜೋರಾಗಿದೆ. ಕಂಪ್ಯೂಟರಿನ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದಕ್ಕೆ ಈ ಹೆಸರು. ಗೇಮ್ ಆಡುವವರಿಗೆ ಇದು ಪುಕ್ಕಟೆ ಸಿಗುವ ಶಕ್ತಿ ಎಂದು ಗೆಳೆಯರು ಹೇಳುತ್ತಾರೆ. ನಾನು ಕಾಮರ್ಸ್ ವಿದ್ಯಾರ್ಥಿ. ಪ್ರೊಸೆಸರಿನ ವಿಷಯ ನಿನಗೇಕೆ ಎಂದು ಸೈನ್ಸ್‌ನವರು ನಗಬಹುದು. ಆದರೆ ದುಡ್ಡು ಖರ್ಚಾಗುವ ಕಡೆ ಮಾತಾಡುವ ಹಕ್ಕು ನಮಗೂ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮಂಥ ಮನೆಗಳ ಹುಡುಗರಿಗೆ ಓವರ್‌ಕ್ಲಾಕಿಂಗ್ ಲಾಭದ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ಹೇಳುತ್ತೇನೆ.

ಮೊದಲು ಅದರ ಕೆಲಸ ತಿಳಿಯೋಣ. ಪ್ರೊಸೆಸರಿನ ವೇಗ ಎಂದರೆ ಒಂದು ಗುಣಾಕಾರ. ಮೂಲ ಗಡಿಯಾರದ ವೇಗ 100 ಮೆಗಾಹರ್ಟ್ಸ್, ಅದನ್ನು 36ರಿಂದ ಗುಣಿಸಿದರೆ 3600 ಮೆಗಾಹರ್ಟ್ಸ್, ಅಂದರೆ 3.6 ಗಿಗಾಹರ್ಟ್ಸ್. ಆ 36ನ್ನು 40 ಮಾಡಿದರೆ 4 ಗಿಗಾಹರ್ಟ್ಸ್. ಬಯೋಸ್ ಒಳಗೆ ಹೋಗಿ ಒಂದು ಸಂಖ್ಯೆ ಬದಲಿಸಿದರೆ ಆಯಿತು ಎಂದು ಕಾಣುತ್ತದೆ. ಆದರೆ ಆ ವೇಗದಲ್ಲಿ ಚಿಪ್ ತಪ್ಪಿಲ್ಲದೆ ನಡೆಯಬೇಕಾದರೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಖರ್ಚು ಶುರುವಾಗುವುದು ಅಲ್ಲಿಂದ.

ಒಂದು ಕಾಲದಲ್ಲಿ ಇದು ನಿಜವಾಗಿಯೂ ಲಾಭದ ಕೆಲಸವಾಗಿತ್ತು. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಅದರ ವೇಗ 300 ಮೆಗಾಹರ್ಟ್ಸ್. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಅದೇ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದೇ ವರ್ಷ ಬಂದ 450 ಮೆಗಾಹರ್ಟ್ಸ್‌ನ ಪೆಂಟಿಯಂ 2 ಪ್ರೊಸೆಸರಿನ ಬೆಲೆ ಇದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ಇಂಥ ವ್ಯಾಪಾರ ಯಾರು ಬಿಡುತ್ತಾರೆ? ನಾನು ಆಗ ಇದ್ದಿದ್ದರೆ ನಾನೂ ಮಾಡುತ್ತಿದ್ದೆ. ಆದರೆ ಕಂಪನಿಗಳೂ ವ್ಯಾಪಾರಸ್ಥರೇ ಅಲ್ಲವೇ? ಗ್ರಾಹಕ ಪುಕ್ಕಟೆ ತೆಗೆದುಕೊಳ್ಳುತ್ತಿದ್ದ ವೇಗವನ್ನು ಅವರೇ ಮಾರಲು ಶುರು ಮಾಡಿದರು. ಈಗಿನ ಪ್ರೊಸೆಸರುಗಳು ಕೆಲಸ ಹೆಚ್ಚಾದಾಗ ತಾವೇ ವೇಗ ಏರಿಸಿಕೊಳ್ಳುತ್ತವೆ, ಬಿಸಿಯಾದಾಗ ತಾವೇ ಇಳಿಸಿಕೊಳ್ಳುತ್ತವೆ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರುವ ದುಬಾರಿ ಚಿಪ್‌ಗಳಿಗೆ ಮಾತ್ರ ಆ ಗುಣಕವನ್ನು ಬದಲಿಸುವ ಬೀಗ ತೆರೆದಿರುತ್ತದೆ. ಅದಕ್ಕೆ ‘ಝಡ್’ ಸರಣಿಯ ಮದರ್‌ಬೋರ್ಡ್ ಕೂಡ ಬೇಕು. ಎಎಂಡಿಯ ರೈಜನ್‌ಗಳಲ್ಲಿ ಹೆಚ್ಚಿನವಕ್ಕೆ ಬೀಗವಿಲ್ಲ, ಆದರೆ ಅತಿ ಅಗ್ಗದ ‘ಎ’ ಸರಣಿಯ ಬೋರ್ಡುಗಳಲ್ಲಿ ಈ ಸೌಲಭ್ಯ ಸಿಗುವುದಿಲ್ಲ.

ನಮ್ಮ ಕಡೆಯ ಹುಡುಗರ ಗೇಮಿಂಗ್ ಪಿಸಿ ಎಂದರೆ ಏನು? ಹೆಚ್ಚಿನಂಶ ಯಾವುದೋ ಆಫೀಸಿನಲ್ಲಿ ಐದಾರು ವರ್ಷ ದುಡಿದು, ಬೆಂಗಳೂರಿನ ಎಸ್‌.ಪಿ. ರೋಡಿನಂಥ ಕಡೆಯಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ಕಪ್ಪು ಡಬ್ಬಿ. ಅದರೊಳಗೆ 2013ರ ಐ5-4570 ಅಥವಾ ಅದರ ಅಣ್ಣ-ತಮ್ಮಂದಿರು. 3.2ರಲ್ಲಿ ಶುರುವಾಗಿ ತಾನೇ 3.6ಕ್ಕೆ ಏರುವ ಚಿಪ್ ಅದು. ಬೀಗ ಹಾಕಿದೆ. ಯೂಟ್ಯೂಬಿನಲ್ಲಿ ಎಷ್ಟು ವಿಡಿಯೋ ನೋಡಿದರೂ ಆ ಬೀಗ ತೆರೆಯುವುದಿಲ್ಲ.

ಹಾಗಾದರೆ ಬೇರೆ ಚಿಪ್ ಹಾಕೋಣ ಎನ್ನುವವರಿದ್ದಾರೆ. ಮೂಡಲಗಿಯಲ್ಲಿರುವ ನನ್ನ ಖಾಲಾನ ಮಗ ಅವರಲ್ಲಿ ಒಬ್ಬ. ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ಚಿಕ್ಕವನು, ಹಟದಲ್ಲಿ ದೊಡ್ಡವನು. ರವಿವಾರ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿ ಹನ್ನೊಂದು ಸಾವಿರ ರೂಪಾಯಿ ಕೂಡಿಸಿದ್ದಾನೆ. ಅದರಲ್ಲಿ ಹಳೆಯ ‘ಕೆ’ ಪ್ರೊಸೆಸರ್, ‘ಝಡ್’ ಬೋರ್ಡ್, ದೊಡ್ಡ ಕೂಲರ್ ತಂದು 4.4ಕ್ಕೆ ಏರಿಸುವುದು ಅವನ ಯೋಜನೆ. ಆಫೀಸ್ ಡಬ್ಬಿಯ ಪವರ್ ಸಪ್ಲೈ ಸಾಮಾನ್ಯವಾಗಿ ಬೇರೆ ಬೋರ್ಡಿಗೆ ಹೊಂದುವುದಿಲ್ಲ, ಅದನ್ನೂ ಕ್ಯಾಬಿನೆಟ್ಟನ್ನೂ ಬದಲಿಸಬೇಕು. ಆ ಖರ್ಚು ಅವನ ಚೀಟಿಯಲ್ಲಿ ಇರಲೇ ಇಲ್ಲ.

ಇಷ್ಟಕ್ಕೆ ಅವನಿಗೆ ಸಿಗುವುದೇನು? ಅವನು ಆಡುವುದು ವ್ಯಾಲೊರಂಟ್. 2020ರಲ್ಲಿ ಆ ಗೇಮ್ ಬಂದಾಗ ಸೆಕೆಂಡಿಗೆ 144 ಫ್ರೇಮ್ ಬೇಕಾದರೆ ಇರಬೇಕು ಎಂದು ಕಂಪನಿಯೇ ಹೇಳಿದ ಪ್ರೊಸೆಸರ್ ಐ5-4460, ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1050 ಟಿಐ. ಅವನ ಹತ್ತಿರ ಆ ಕಾರ್ಡೇ ಇದೆ, ಪ್ರೊಸೆಸರ್ ಅದಕ್ಕಿಂತ ಒಂದು ಕೈ ಮೇಲೇ ಇದೆ. ಇನ್ನು ಅವನ ಮಾನಿಟರ್? ಆಫೀಸಿನಿಂದ ಡಬ್ಬಿಯ ಜೊತೆಗೇ ಬಂದ 60 ಹರ್ಟ್ಸ್‌ನದು. ಅದು ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಒಳಗೆ ನೂರು ಫ್ರೇಮ್ ತಯಾರಾದರೂ ನೂರಾ ಇಪ್ಪತ್ತು ತಯಾರಾದರೂ ಪರದೆ ತನ್ನ ಗತಿ ಬಿಡುವುದಿಲ್ಲ. ಎಕನಾಮಿಕ್ಸ್‌ನಲ್ಲಿ ಸೀಮಾಂತ ತುಷ್ಟಿಗುಣ ಇಳಿಯುತ್ತಾ ಹೋಗುತ್ತದೆ ಎಂದು ಓದುತ್ತೇವಲ್ಲ, ಇಲ್ಲಿ ಅದು ಇಳಿಯುತ್ತಾ ಇಳಿಯುತ್ತಾ ಸೊನ್ನೆಯ ಹತ್ತಿರ ಬಂದು ನಿಂತಿದೆ. ದೊಡ್ಡ ಗ್ರಾಫಿಕ್ಸ್‌ನ ಗೇಮುಗಳಲ್ಲಿ ಕಥೆ ಬೇರೆ. ಅಲ್ಲಿ ತಡವಾಗುವುದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನಿಂದ. ಹಿಂದಿನ ಎತ್ತನ್ನು ಎಷ್ಟು ಹೊಡೆದರೂ ಮುಂದಿನ ಗಾಡಿ ದಾರಿ ಬಿಡಬೇಕಲ್ಲ.

ಕರೆಂಟಿನ ಲೆಕ್ಕವನ್ನೂ ಹಾಕಿದೆ. ಇದರಲ್ಲಿ ನನ್ನ ವಾದಕ್ಕೆ ಹೆಚ್ಚು ಬಲ ಸಿಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಚಿಪ್ ತಿನ್ನುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ನೂರಕ್ಕೆ 10, ವೋಲ್ಟೇಜ್ ನೂರಕ್ಕೆ 10 ಏರಿಸಿದರೆ 1.1ನ್ನು ಮೂರು ಸಲ ಗುಣಿಸಬೇಕು, ಬರುವುದು 1.33. ಅಂದರೆ ವೇಗ ನೂರಕ್ಕೆ ಹತ್ತು, ವಿದ್ಯುತ್ತು ನೂರಕ್ಕೆ ಮೂವತ್ತಮೂರು. 65 ವ್ಯಾಟ್‌ನ ಚಿಪ್ 86 ವ್ಯಾಟ್ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ ಎರಡೂವರೆ ಯೂನಿಟ್ ಹೆಚ್ಚು. ಇದರಿಂದ ಯಾರ ಮನೆಯೂ ಮುಳುಗುವುದಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಆದ್ದರಿಂದ 199ರಲ್ಲಿ ನಿಂತ ಮನೆಯವರು ಮಾತ್ರ ಗೇಮ್ ಆಡುವ ಮಗನ ಮೇಲೆ ಒಂದು ಕಣ್ಣಿಡಲಿ!

ತೊಂದರೆ ಬಿಲ್ಲಿನದಲ್ಲ, ಬಿಸಿಯದು. ಆ 21 ವ್ಯಾಟ್ ಪೂರ್ತಿ ಶಾಖವಾಗಿ ಹೊರಗೆ ಬರಬೇಕು. ಕೂಲರ್ ಎಷ್ಟೇ ದೊಡ್ಡದಿದ್ದರೂ, ಫ್ಯಾನಿನ ಗಾಳಿಯಿಂದ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾಗದು. 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಪ್ರೊಸೆಸರನ್ನು 8.429 ಗಿಗಾಹರ್ಟ್ಸ್‌ಗೆ ಏರಿಸಿ ದಾಖಲೆ ಮಾಡಿದಾಗ ಬಳಸಿದ್ದು ದ್ರವ ಹೀಲಿಯಂ. ನಮ್ಮಲ್ಲಿರುವುದು ತಗಡಿನ ಮಾಡು, ಏಪ್ರಿಲ್ ತಿಂಗಳು, ಗೋಕಾಕದ ಗುಡ್ಡದ ಕಲ್ಲು ಕಾಯ್ದು ಬೀಸುವ ಝಳ.

ಆದರೆ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೂ ಅಲ್ಲ. ನನ್ನ ತಮ್ಮನ ಆ ಕಂಪ್ಯೂಟರ್ ಅವನೊಬ್ಬನದಲ್ಲ. ಹಗಲು ಅದು ಖಾಲೂ ಅವರ ಆನ್‌ಲೈನ್ ಸೆಂಟರಿನ ಕಂಪ್ಯೂಟರ್. ಸ್ಕಾಲರ್‌ಶಿಪ್ ಅರ್ಜಿ, ಆದಾಯ ಪ್ರಮಾಣಪತ್ರ, ಪಹಣಿ, ಪರೀಕ್ಷೆಯ ಫಾರ್ಮು ಎಲ್ಲ ಅದರ ಮೇಲೆ. ಕೊನೆಯ ದಿನಾಂಕದ ಸಂಜೆ ಆ ಅಂಗಡಿಯ ಮುಂದೆ ನಿಂತ ಸಾಲು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಓವರ್‌ಕ್ಲಾಕ್ ಮಾಡಿದ ಚಿಪ್ ಹತ್ತು ದಿನ ಸರಿಯಾಗಿ ನಡೆದು ಹನ್ನೊಂದನೆಯ ದಿನ ನೀಲಿ ಪರದೆ ತೋರಿಸಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಪರದೆ ನೀಲಿಯಾಗದೆ ಒಳಗೆ ಎಲ್ಲೋ ಒಂದು ಫೈಲ್ ಕೆಡಬಹುದು. ರಾತ್ರಿ ಗೇಮಿನಲ್ಲಿ ಹ್ಯಾಂಗ್ ಆದರೆ ಒಂದು ಮ್ಯಾಚ್ ಹೋಯಿತು, ಅಷ್ಟೇ. ಸಂಜೆ ಅರ್ಜಿಯ ನಡುವೆ ಹ್ಯಾಂಗ್ ಆದರೆ ಯಾರದೋ ಮಗಳ ವರ್ಷದ ಸ್ಕಾಲರ್‌ಶಿಪ್. ಖಾಲೂ ಅವರಿಗೆ ಗಿಗಾಹರ್ಟ್ಸ್ ಗೊತ್ತಿಲ್ಲ. ಅವರು ಹೇಳಿದ್ದು ಒಂದೇ ಮಾತು: “ಚಲ್ತೀ ಸೋ ಮಶೀನ್ ಕೋ ಹಾತ್ ನಕ್ಕೋ ಲಗಾ.” ನಡೆಯುತ್ತಿರುವ ಯಂತ್ರಕ್ಕೆ ಕೈ ಹಚ್ಚಬೇಡ.

ಕಂಪನಿಯವರಿಗೇ ಈ ಅಂಚಿನ ಮೇಲೆ ನಡೆಯುವುದು ಕಷ್ಟವಾಗಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ದೊಡ್ಡ ಪ್ರೊಸೆಸರುಗಳು ಗೇಮ್ ಆಡುವಾಗ ಕ್ರ್ಯಾಶ್ ಆಗತೊಡಗಿದವು. ಅವುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಹೋಗುತ್ತಿದೆ ಎಂದು 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನಾವು ಕೊಳ್ಳುವ ಸೆಕೆಂಡ್ ಹ್ಯಾಂಡ್ ಡಬ್ಬಿಗೆ ವಾರಂಟಿ ಎಂದರೆ ಅಂಗಡಿಯವನ ಬಾಯಿಮಾತು.

ನಮ್ಮ ದಾದಾ ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಕೆಲಸ ಮಾಡಿದವರು. 1887ರಷ್ಟು ಹಿಂದೆಯೇ ಘಟಪ್ರಭೆಯ ನೀರಿನ ಬಲದ ಮೇಲೆ ಶುರುವಾದ ಗಿರಣಿ ಅದು. ಸ್ಪಿಂಡಲ್ ಜೋರಾಗಿ ತಿರುಗಿಸಿದರೆ ನೂಲು ಹೆಚ್ಚು ಬರುತ್ತದಲ್ಲ, ಯಾಕೆ ತಿರುಗಿಸುವುದಿಲ್ಲ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ಜೋರು ಹೆಚ್ಚಾದರೆ ಎಳೆ ಹೆಚ್ಚು ಹರಿಯುತ್ತದೆ, ಹರಿದ ಎಳೆ ಜೋಡಿಸುವುದರೊಳಗೆ ಉಳಿಸಿದ ಹೊತ್ತು ಹೋಗಿರುತ್ತದೆ ಎಂದಿದ್ದರು. ಓವರ್‌ಕ್ಲಾಕಿಂಗ್ ಬಗ್ಗೆ ನಾನು ಓದಿದ್ದರಲ್ಲಿ ಇದಕ್ಕಿಂತ ಚೊಕ್ಕದಾಗಿ ಹೇಳಿದ್ದು ಕಾಣಲಿಲ್ಲ.

ಹುಕ್ಕೇರಿಯಿಂದ ಬರುವ ನನ್ನ ಸೈನ್ಸ್ ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನ ಹತ್ತಿರ ರೈಜನ್ 5 5600 ಇದೆ, ಬೀಗವಿಲ್ಲದ ಚಿಪ್, ಒಳ್ಳೆಯ ಬೋರ್ಡ್, ಮನೆಯಲ್ಲಿ ಬೇರೆ ಯಾರಿಗೂ ಆ ಕಂಪ್ಯೂಟರ್ ಬೇಡ. ಲಾಭಕ್ಕಾಗಿ ಅಲ್ಲ, ಕಲಿಯಲು ಮಾಡುತ್ತೇನೆ ಎನ್ನುತ್ತಾನೆ. ವೋಲ್ಟೇಜ್, ತಾಪಮಾನ, ಸ್ಥಿರತೆ ಪರೀಕ್ಷೆ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಫಿಸಿಕ್ಸ್ ಪ್ರಾಕ್ಟಿಕಲ್ ರೆಕಾರ್ಡುಗಳಿಗಿಂತ ಆ ನೋಟ್‌ಬುಕ್ ಪ್ರಾಮಾಣಿಕವಾಗಿದೆ. (ಸರ್‌ಗಳು ಕ್ಷಮಿಸಬೇಕು.) ಅವನ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅವನಿಗೆ ಮಾಡು ಎಂದೇ ಹೇಳುತ್ತೇನೆ. ಅವನ ನೋಟ್‌ಬುಕ್ಕಿನ ಒಂದು ಪುಟ ಮಾತ್ರ ನನ್ನ ಕಡೆ ಸಾಕ್ಷಿ ಹೇಳುತ್ತದೆ. ಈ ಬೇಸಿಗೆಯಲ್ಲಿ ಅವನು ವೇಗ ಏರಿಸುವುದನ್ನು ಬಿಟ್ಟು ವೋಲ್ಟೇಜನ್ನು ಸ್ವಲ್ಪ ಇಳಿಸಿ ನೋಡಿದ. ಚಿಪ್ ತಂಪಾಯಿತು, ತಂಪಾದ್ದರಿಂದ ತನ್ನ ಹೆಚ್ಚಿನ ವೇಗದಲ್ಲಿ ಹೆಚ್ಚು ಹೊತ್ತು ನಿಂತಿತು. ಇದಕ್ಕೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ನಮ್ಮ ಬಿಸಿಲಿಗೆ ಇದೇ ಸರಿ.

ಉಳಿದವರು ದುಡ್ಡಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಡಬ್ಬಿ ತೆರೆದು ಬ್ರಶ್ಶಿನಿಂದ ಧೂಳು ತೆಗೆಯಿರಿ. ಹತ್ತು ವರ್ಷದ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ, ಹೊಸದಕ್ಕೆ ನೂರಿನ್ನೂರು ರೂಪಾಯಿ ಸಾಕು. ಹೊಸ ಪಿಸಿ ಕಟ್ಟಿಸಿದವರು ಒಮ್ಮೆ ಟಾಸ್ಕ್ ಮ್ಯಾನೇಜರ್ ತೆರೆದು ರ‍್ಯಾಮ್ ವೇಗ ನೋಡಿ. 3200ರ ರ‍್ಯಾಮಿಗೆ ದುಡ್ಡು ಕೊಟ್ಟು ಅದು 2133 ಅಥವಾ 2400ರಲ್ಲಿ ಓಡುತ್ತಿದ್ದರೆ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬುದನ್ನು ಯಾರೂ ಆನ್ ಮಾಡಿಲ್ಲ ಎಂದರ್ಥ. ಕೆಲವು ಅಗ್ಗದ ಬೋರ್ಡುಗಳಲ್ಲಿ ಅದು ಇರುವುದಿಲ್ಲ, ಇದ್ದವರು ಆನ್ ಮಾಡಿಕೊಳ್ಳಿ. ಅದು ನೀವು ಈಗಾಗಲೇ ಕೊಂಡಿರುವ ವೇಗ.

ಮೂಡಲಗಿಯ ತಮ್ಮನಿಗೆ ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಳಿಸಿದೆ. ಎಡಕ್ಕೆ ಖರ್ಚು, ಬಲಕ್ಕೆ ಲಾಭ, ಕೆಳಗೆ ಶಿಲ್ಕು. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಒಂದು ಮೆಸೇಜ್ ಬಂತು: “144 ಹರ್ಟ್ಸ್ ಮಾನಿಟರ್ ಸೆಕೆಂಡ್ ಹ್ಯಾಂಡ್ ಎಷ್ಟಕ್ಕೆ ಸಿಗುತ್ತದೆ, ಭಾಯಿ?” ಬೆಳಗಾವಿಯಲ್ಲಿ ವಿಚಾರಿಸುತ್ತಿದ್ದೇನೆ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.